ತಾಜಾ ಮರುವಾಯಿಯಲ್ಲೂ ವಿಷವಿರಬಹುದು

ಮೀನನ್ನೋ ಮರುವಾಯಿಯನ್ನೋ ತಿಂದು ಮೈ ಕೆಟ್ಟಿತೆಂದರೆ ಮನೆಯವರು ಮೊದಲು ಕೇಳುವ ಪ್ರಶ್ನೆಗಳು ಎರಡು: ‘ಹಳತಾಗಿತ್ತೇ? ಸರಿಯಾಗಿ ಬೆಂದಿತ್ತೇ?’ ಹೆಚ್ಚಿನ ಸಂದರ್ಭಗಳಲ್ಲಿ ಈ ಪ್ರಶ್ನೆಗಳು ಸರಿಯಾದವೇ. ಆದರೆ ಕಡಲಿನ ಆಹಾರದಿಂದ ಬರುವ ಒಂದು ಬಗೆಯ ವಿಷಬಾಧೆಗೆ ಇವೆರಡೂ ಅನ್ವಯಿಸುವುದಿಲ್ಲ. ಅಂದು ಬೆಳಿಗ್ಗೆ ಅಳಿವೆಯಿಂದ ಹೆಕ್ಕಿ ತಂದ ಮರುವಾಯಿ, ಚೆನ್ನಾಗಿ ತೊಳೆದು, ಬಾಯಿ ಬಿಡುವವರೆಗೆ ಬೇಯಿಸಿ, ತೆಂಗಿನಕಾಯಿ ಮಸಾಲೆ ಹಾಕಿ ಸುಕ್ಕ ಮಾಡಿದ್ದು. ವಾಸನೆಯಲ್ಲಿ ದೋಷವಿಲ್ಲ, ರುಚಿಯಲ್ಲಿ ಕೊರತೆಯಿಲ್ಲ. ಆದರೂ ಊಟವಾದ ಅರ್ಧ ಗಂಟೆಯಲ್ಲಿ ತುಟಿ ಜುಮ್ಮೆನ್ನತೊಡಗಬಹುದು. ಕೆಲವು ಗಂಟೆಗಳಲ್ಲಿ ಉಸಿರಾಟವೇ ನಿಲ್ಲಬಹುದು.

ಇದು ಎಲ್ಲೋ ದೂರದೇಶದ ಕಥೆಯೆಂದು ಭಾವಿಸಬೇಡಿ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ, ಈಗ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆಯ ಅಳಿವೆ ಪ್ರದೇಶದಲ್ಲಿ ಮರುವಾಯಿ ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ಮೃತಪಟ್ಟ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಇದನ್ನು ಪರಿಶೀಲಿಸಿ, ಮರುವಾಯಿಯಲ್ಲಿ ನರಗಳನ್ನು ನಿಷ್ಕ್ರಿಯಗೊಳಿಸುವ ವಿಷವಿತ್ತೆಂದು ವರದಿ ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ತಮಿಳುನಾಡಿನ ವಯಲೂರಿನಲ್ಲಿ ಇಂಥದೇ ಘಟನೆಯಲ್ಲಿ ಮೂವರು ಸತ್ತಿದ್ದರು. 1997ರಲ್ಲಿ ಕೇರಳದ ವಿಳಿಂಞಂನಲ್ಲಿ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳನ್ನು ತಿಂದು ಏಳು ಮಂದಿ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು.

ಈ ಎಲ್ಲ ಘಟನೆಗಳ ಹಿಂದೆ ಇರುವುದು ಬರಿಗಣ್ಣಿಗೆ ಕಾಣದ ಕಡಲಿನ ಸೂಕ್ಷ್ಮಪಾಚಿ.

ಸೂಕ್ಷ್ಮಪಾಚಿ ಎಂದರೇನು?

ಪಾಚಿ ಎಂದೊಡನೆ ನಮಗೆ ನೆನಪಾಗುವುದು ಬಾವಿಕಟ್ಟೆಯ ಮೇಲೆ ಮಳೆಗಾಲದಲ್ಲಿ ಬೆಳೆಯುವ ಜಾರುವ ಹಸಿರು ಪದರ. ಕಡಲ ನೀರಿನಲ್ಲಿ ಒಂದೇ ಜೀವಕೋಶದ ಸಾವಿರಾರು ಜಾತಿಯ ಪಾಚಿಗಳು ತೇಲುತ್ತಿರುತ್ತವೆ. ನೆಲದ ಮೇಲೆ ಹುಲ್ಲು ಇದ್ದ ಹಾಗೆ ಕಡಲಿಗೆ ಇವು. ಬಿಸಿಲಿನ ಶಕ್ತಿಯಿಂದ ಆಹಾರ ತಯಾರಿಸಿ, ಮರಿಮೀನಿನಿಂದ ತಿಮಿಂಗಿಲದವರೆಗೆ ಎಲ್ಲ ಜೀವಿಗಳ ಆಹಾರ ಸರಪಳಿಯ ಮೊದಲ ಕೊಂಡಿಯಾಗಿ ನಿಲ್ಲುತ್ತವೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಬೆರಳೆಣಿಕೆಯ ಪಾಲಷ್ಟೇ ವಿಷ ತಯಾರಿಸಬಲ್ಲವು.

ನದಿಗಳು ಹೊತ್ತು ತರುವ ಪೋಷಕಾಂಶ, ಕಡಲ ತಳದಿಂದ ಮೇಲೆ ಬರುವ ಫಲವತ್ತಾದ ನೀರು, ಬೆಚ್ಚಗಿನ ಶಾಂತ ವಾತಾವರಣ ಎಲ್ಲ ಒಟ್ಟಿಗೆ ಕೂಡಿಬಂದಾಗ ಪಾಚಿಗಳು ಇದ್ದಕ್ಕಿದ್ದಂತೆ ವೃದ್ಧಿಯಾಗುತ್ತವೆ. ಕೆಲವು ಜಾತಿಗಳು ಪ್ರತಿಕೂಲ ಕಾಲದಲ್ಲಿ ಗಟ್ಟಿ ಕವಚದ ಬೀಜದಂತಾಗಿ ಕೆಸರಿನಲ್ಲಿ ಮಲಗಿದ್ದು, ಕಾಲ ಅನುಕೂಲವಾದಾಗ ಮತ್ತೆ ಮೊಳೆಯುತ್ತವೆ. ಆದ್ದರಿಂದ ಒಮ್ಮೆ ವಿಷ ಕಾಣಿಸಿದ ಅಳಿವೆಯಲ್ಲಿ ವರ್ಷಗಳ ನಂತರವೂ ಅದು ಮರುಕಳಿಸಬಹುದು.

ಚಿಪ್ಪಿನೊಳಗೆ ವಿಷ ಸೇರುವ ಬಗೆ

ಮರುವಾಯಿ, ಪಚ್ಚಿಲೆ, ಕಲ್ವ ಇವೆಲ್ಲ ಎರಡು ಚಿಪ್ಪಿನ ಜೀವಿಗಳು. ಬೇಟೆಯಾಡಲು ಇವುಗಳಿಗೆ ಕಾಲಿಲ್ಲ, ಹಲ್ಲಿಲ್ಲ. ಇದ್ದಲ್ಲಿಯೇ ಇದ್ದು ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮಪಾಚಿಗಳನ್ನು ಸೋಸಿ ತಿಂದು, ನೀರನ್ನು ಹೊರಬಿಡುತ್ತವೆ. ದೊಡ್ಡದೊಂದು ಪಚ್ಚಿಲೆ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಸೋಸಬಲ್ಲದು. ನೀರಿನಲ್ಲಿ ವಿಷಪಾಚಿ ಇದ್ದರೆ, ದಿನಗಟ್ಟಲೆ ಸೋಸಿದ ವಿಷವೆಲ್ಲ ಅದರ ಮಾಂಸದಲ್ಲಿ ಶೇಖರವಾಗುತ್ತದೆ. ಸೋಜಿಗವೆಂದರೆ ವಿಷ ತುಂಬಿದ ಚಿಪ್ಪುಜೀವಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಅದು ಆರೋಗ್ಯವಾಗಿಯೇ ಕಾಣುತ್ತದೆ, ಮುಟ್ಟಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅದನ್ನು ತಿಂದ ಮನುಷ್ಯನಿಗಷ್ಟೇ ಅಪಾಯ.

ಈ ಸಂಬಂಧ ವಿಜ್ಞಾನಕ್ಕೆ ಸ್ಪಷ್ಟವಾಗಲು ಬಹುಕಾಲ ಹಿಡಿಯಿತು. 1793ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯನ್ನು ಸಮೀಕ್ಷೆ ಮಾಡುತ್ತಿದ್ದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ತಂಡದ ಕೆಲವರು ಬಂಡೆಯ ಮೇಲಿನ ಚಿಪ್ಪುಜೀವಿಗಳನ್ನು ಸುಟ್ಟು ತಿಂದು ಅಸ್ವಸ್ಥರಾದರು, ಜಾನ್ ಕಾರ್ಟರ್ ಎಂಬ ನಾವಿಕ ಅಂದೇ ಸತ್ತ. ಆ ಜಾಗಕ್ಕೆ ಇಂದಿಗೂ ‘ಪಾಯ್ಸನ್ ಕೋವ್’ ಅಂದರೆ ವಿಷದ ಕೊಲ್ಲಿ ಎಂದೇ ಹೆಸರು. 1927ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 102 ಮಂದಿ ಅಸ್ವಸ್ಥರಾಗಿ ಆರು ಜನ ತೀರಿಕೊಂಡಾಗ, ಹರ್ಮನ್ ಸೊಮ್ಮರ್ ಮತ್ತು ಕಾರ್ಲ್ ಮೇಯರ್ ಎಂಬ ವಿಜ್ಞಾನಿಗಳು ಬೆನ್ನುಹತ್ತಿ ತನಿಖೆ ಮಾಡಿದರು. ಚಿಪ್ಪುಜೀವಿ ತಾನಾಗಿ ವಿಷ ತಯಾರಿಸುವುದಿಲ್ಲ, ಅದು ತಿನ್ನುವ ಸೂಕ್ಷ್ಮಪಾಚಿಯೇ ವಿಷದ ಮೂಲ ಎಂಬುದು 1937ರ ಹೊತ್ತಿಗೆ ಖಚಿತವಾಯಿತು.

ಈ ಗುಂಪಿನ ಮುಖ್ಯ ವಿಷಕ್ಕೆ ‘ಸ್ಯಾಕ್ಸಿಟಾಕ್ಸಿನ್’ ಎಂದು ಹೆಸರು. ಅಲೆಕ್ಸಾಂಡ್ರಿಯಂ, ಜಿಮ್ನೋಡಿನಿಯಂ ಮೊದಲಾದ ಪಂಗಡಗಳ ಕೆಲವು ಪಾಚಿಗಳು ಇದನ್ನು ತಯಾರಿಸುತ್ತವೆ. ಒಂದು ಸಾಸಿವೆ ಕಾಳಿನ ತೂಕದಷ್ಟು, ಅಂದರೆ ಕೆಲವೇ ಮಿಲಿಗ್ರಾಂ, ದೇಹ ಸೇರಿದರೆ ವಯಸ್ಕ ವ್ಯಕ್ತಿಯ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ಒಂದು ಕಿಲೋಗ್ರಾಂ ಚಿಪ್ಪುಮಾಂಸದಲ್ಲಿ 0.8 ಮಿಲಿಗ್ರಾಂಗಿಂತ ಹೆಚ್ಚು ವಿಷ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳುತ್ತದೆ.

ದೇಹದಲ್ಲಿ ಏನಾಗುತ್ತದೆ?

ನಮ್ಮ ನರಗಳು ವಿದ್ಯುತ್ ತಂತಿಗಳಿದ್ದಂತೆ. ನರದ ಗೋಡೆಯಲ್ಲಿರುವ ಅತಿಸೂಕ್ಷ್ಮ ಬಾಗಿಲುಗಳ ಮೂಲಕ ಸೋಡಿಯಂ ಕಣಗಳು ಒಳನುಗ್ಗಿದಾಗ ಸಂದೇಶ ಮುಂದೆ ಸಾಗುತ್ತದೆ. ಸ್ಯಾಕ್ಸಿಟಾಕ್ಸಿನ್ ಈ ಬಾಗಿಲುಗಳಿಗೆ ಬಿರಡೆಯಂತೆ ಬಂದು ಕೂರುತ್ತದೆ. ಮಿದುಳು ಆಜ್ಞೆ ಕೊಡುತ್ತದೆ, ಸ್ನಾಯು ಶಕ್ತವಾಗಿಯೇ ಇರುತ್ತದೆ, ಆದರೆ ನಡುವಿನ ತಂತಿಯಲ್ಲಿ ಆಜ್ಞೆ ಸಾಗುವುದಿಲ್ಲ.

ಲಕ್ಷಣಗಳು ಸಾಮಾನ್ಯವಾಗಿ ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಗಳ ಒಳಗೆ ಶುರುವಾಗುತ್ತವೆ. ಮೊದಲು ತುಟಿ, ನಾಲಿಗೆ ಜುಮುಜುಮು ಎನ್ನುತ್ತವೆ. ಅದು ಮುಖಕ್ಕೆ, ಕತ್ತಿಗೆ, ಬೆರಳ ತುದಿಗಳಿಗೆ ಹಬ್ಬಿ ಜೋಮು ಹಿಡಿದಂತಾಗುತ್ತದೆ. ತಲೆ ಸುತ್ತುತ್ತದೆ, ಗಾಳಿಯಲ್ಲಿ ತೇಲುತ್ತಿರುವಂತೆ ಅನಿಸುತ್ತದೆ. ಕೆಲವರಿಗೆ ವಾಕರಿಕೆ, ವಾಂತಿ. ವಿಷದ ಪ್ರಮಾಣ ಹೆಚ್ಚಿದ್ದರೆ ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ, ಕೈಕಾಲು ಸೋಲುತ್ತವೆ. ಕೊನೆಗೆ ಎದೆಯ ಸ್ನಾಯುಗಳೂ, ಎದೆ-ಹೊಟ್ಟೆಗಳ ನಡುವಿನ ವಪೆಯೂ ಸೋತು ಉಸಿರು ನಿಲ್ಲುತ್ತದೆ. ಸಾವಿಗೆ ಕಾರಣ ಇದೇ.

ಇಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಕಣ್ಣು ತೆರೆಯಲಾಗದೆ, ಬೆರಳು ಅಲುಗಿಸಲಾಗದೆ ಮಲಗಿರುವ ರೋಗಿಗೆ ಹೆಚ್ಚಾಗಿ ಪ್ರಜ್ಞೆ ಇದ್ದೇ ಇರುತ್ತದೆ. ಸುತ್ತಲಿನ ಮಾತೆಲ್ಲ ಅವರಿಗೆ ಕೇಳಿಸುತ್ತಿರುತ್ತದೆ. ‘ಇನ್ನು ಮುಗಿಯಿತು’ ಎಂದು ಹಾಸಿಗೆಯ ಪಕ್ಕದಲ್ಲಿ ಅಳುವ ಬದಲು, ‘ಆಸ್ಪತ್ರೆಯಲ್ಲಿದ್ದೀರಿ, ಯಂತ್ರ ಉಸಿರಾಡಿಸುತ್ತಿದೆ, ಹೆದರಬೇಡಿ’ ಎಂದು ಕಿವಿಯ ಬಳಿ ಹೇಳುತ್ತಿರಬೇಕು.

ಈ ವಿಷಕ್ಕೆ ಪ್ರತಿವಿಷವಿಲ್ಲ. ಹಾಗೆಂದು ಚಿಕಿತ್ಸೆಯೇ ಇಲ್ಲವೆಂದಲ್ಲ. ವಿಷ ನರದ ಬಾಗಿಲನ್ನು ಶಾಶ್ವತವಾಗಿ ಮುಚ್ಚುವುದಿಲ್ಲ, ನಿಧಾನವಾಗಿ ಬಿಟ್ಟುಕೊಟ್ಟು ಮೂತ್ರದ ಮೂಲಕ ಹೊರಹೋಗುತ್ತದೆ. ಅಷ್ಟು ಹೊತ್ತು ರೋಗಿಗೆ ವೆಂಟಿಲೇಟರ್ ಮೂಲಕ ಕೃತಕ ಉಸಿರಾಟ ಒದಗಿಸಿದರೆ ಸಾಕು. ಮೊದಲ 12 ಗಂಟೆಗಳನ್ನು ದಾಟಿದವರು ಸಾಮಾನ್ಯವಾಗಿ ಬದುಕುತ್ತಾರೆ, ಕೆಲವು ದಿನಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಬದುಕು-ಸಾವುಗಳ ಅಂತರ ಇರುವುದು ಔಷಧಿಯಲ್ಲಲ್ಲ, ಸಮಯಕ್ಕೆ ಸರಿಯಾದ ಆಸ್ಪತ್ರೆ ತಲುಪುವುದರಲ್ಲಿ.

ಬೇಯಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಬ್ಯಾಕ್ಟೀರಿಯಾಗಳು ಕುದಿಯುವ ನೀರಿನಲ್ಲಿ ಸಾಯುತ್ತವೆ. ಇದು ಜೀವಿಯಲ್ಲ, ರಾಸಾಯನಿಕ. ಅಡುಗೆಯ ಶಾಖಕ್ಕೆ ಜಗ್ಗುವುದಿಲ್ಲ, ಫ್ರಿಜ್ಜಿನ ಚಳಿಗೂ ಬಗ್ಗುವುದಿಲ್ಲ. ನೀರಿನಲ್ಲಿ ಕರಗುವ ವಿಷವಾದ್ದರಿಂದ ಬೇಯಿಸಿದ ನೀರಿಗೂ ಇಳಿಯುತ್ತದೆ. ಆ ನೀರನ್ನೇ ಸಾರಿಗೆ ಬಳಸಿದರೆ ಅದನ್ನೂ ಕುಡಿದಂತಾಯಿತು. ಹುಣಸೆಹುಳಿ, ಪುನರ್ಪುಳಿ, ವಿನೆಗರ್ ಹಾಕಿದರೆ ವಿಷ ಮುರಿಯುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಹುಳಿಯ ಅಂಶವಿದ್ದಲ್ಲಿ ಈ ವಿಷ ಇನ್ನೂ ಸ್ಥಿರವಾಗಿ ಉಳಿಯುತ್ತದೆ.

ಮರಳು ಬಿಡಲೆಂದು ಮರುವಾಯಿಯನ್ನು ರಾತ್ರಿಯಿಡೀ ನೀರಿನಲ್ಲಿ ಹಾಕಿಡುವ ಪದ್ಧತಿಯಿದೆ. ಮರಳೇನೋ ಹೋಗುತ್ತದೆ. ವಿಷ ಪೂರ್ತಿ ಇಳಿಯಲು ಶುದ್ಧ ಕಡಲ ನೀರಿನಲ್ಲೂ ವಾರಗಳೇ ಬೇಕಾಗಬಹುದು. ಬೇಯಿಸುವಾಗ ಚಿಪ್ಪು ಬಾಯಿ ಬಿಟ್ಟರೆ ಜೀವವಿತ್ತೆಂದು ತಿಳಿಯುತ್ತದೆಯೇ ಹೊರತು ವಿಷವಿರಲಿಲ್ಲವೆಂದು ಅರ್ಥವಲ್ಲ.

ಕಡಲಿನ ಬಣ್ಣ ನೋಡಿ ತಿಳಿಯಬಹುದೇ?

ಪಾಚಿ ವಿಪರೀತ ಬೆಳೆದಾಗ ನೀರು ಕೆಂಪಗೆ, ಕಂದು ಬಣ್ಣಕ್ಕೆ ಅಥವಾ ಹಸಿರಿಗೆ ತಿರುಗುವುದುಂಟು. ಇಂಗ್ಲಿಷಿನಲ್ಲಿ ಇದನ್ನು ‘ರೆಡ್ ಟೈಡ್’ ಎನ್ನುತ್ತಾರೆ. ಆದರೆ ಬಣ್ಣವನ್ನು ನಂಬಿ ಕೂರುವಂತಿಲ್ಲ. 2020ರ ಕೊನೆಯ ತಿಂಗಳುಗಳಲ್ಲಿ ಉಡುಪಿ, ಮಂಗಳೂರುಗಳ ಕಡಲತೀರದಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ಜನ ಗುಂಪುಗುಂಪಾಗಿ ಹೋಗಿ ನೋಡಿದರು. ಅಂಥ ಹೊಳಪಿಗೆ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾರಣವಾಗುವ ನಾಕ್ಟಿಲೂಕ ಎಂಬ ಜೀವಿ ಸ್ಯಾಕ್ಸಿಟಾಕ್ಸಿನ್ ತಯಾರಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನೀರಿನ ಬಣ್ಣ ಬದಲಾಗದಷ್ಟು ಕಡಿಮೆ ಸಂಖ್ಯೆಯಲ್ಲಿದ್ದರೂ ವಿಷಪಾಚಿಗಳು ಚಿಪ್ಪುಜೀವಿಯಲ್ಲಿ ಅಪಾಯಕಾರಿ ಪ್ರಮಾಣದ ವಿಷ ತುಂಬಬಲ್ಲವು. ಪ್ರಯೋಗಾಲಯದ ಪರೀಕ್ಷೆಯೊಂದೇ ನಿಜ ಹೇಳುವ ದಾರಿ.

ಇದೇ ಕುಟುಂಬದ ಇತರ ವಿಷಗಳು

ಡೈನೋಫೈಸಿಸ್ ಪಂಗಡದ ಪಾಚಿಗಳ ವಿಷದಿಂದ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. 1970ರ ದಶಕದಲ್ಲಿ ಜಪಾನಿನಲ್ಲಿ ಇದನ್ನು ಗುರುತಿಸಲಾಯಿತು. ಸಾಮಾನ್ಯವಾಗಿ ಮೂರು ದಿನಗಳಲ್ಲಿ ವಾಸಿಯಾಗುತ್ತದೆ. ‘ಯಾವುದೋ ಭೇದಿ’ ಎಂದು ಗುರುತೇ ಸಿಗದೆ ಹೋಗುವುದೂ ಹೆಚ್ಚು.

ಇನ್ನೊಂದು ಬಗೆ ನೆನಪಿನ ಶಕ್ತಿಗೇ ಕೈಹಾಕುತ್ತದೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಜೀವಿಗಳನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಕೆಲವರು ಮೃತಪಟ್ಟರು, ಬದುಕುಳಿದ ಕೆಲವರಿಗೆ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿಯೇ ಹೋಯಿತು. ಕಾರಣ ಡೊಮೋಯಿಕ್ ಆಮ್ಲ ಎಂಬ ವಿಷ. ತಯಾರಿಸಿದ್ದು ಸ್ಯೂಡೋನಿಷಿಯಾ ಎಂಬ ಪಾಚಿ.

ಮೂರನೆಯದು ಚಿಪ್ಪಿನಿಂದಲ್ಲ, ಮೀನಿನಿಂದ ಬರುವಂಥದು. ಹೆಸರು ಸಿಗುವಾಟೆರಾ. ಹವಳದ ದಿಬ್ಬಗಳಲ್ಲಿ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಪಾಚಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಹೀಗೆ ಮೇಲೇರಿದಂತೆ ವಿಷ ಸಾಂದ್ರವಾಗುತ್ತದೆ. ಹವಳದ ದಿಬ್ಬಗಳ ದೊಡ್ಡ ಸ್ನ್ಯಾಪರ್, ಮುರು, ಬರಾಕುಡಾ ಜಾತಿಯ ಮೀನುಗಳಲ್ಲಿ, ಅದರಲ್ಲೂ ತಲೆ, ಪಿತ್ತಕೋಶ, ಕರುಳು, ಮೊಟ್ಟೆಗಳಲ್ಲಿ ವಿಷ ಹೆಚ್ಚು. ಮೊದಲು ವಾಂತಿ ಭೇದಿ, ಆಮೇಲೆ ಕೈಕಾಲು ಉರಿ, ತುರಿಕೆ, ಸಂದುನೋವು, ನಾಡಿ ನಿಧಾನವಾಗುವುದು. ಇದರ ವಿಶೇಷ ಲಕ್ಷಣವೆಂದರೆ ತಣ್ಣೀರು ಮುಟ್ಟಿದರೆ ಸುಟ್ಟಂತೆ ಅಥವಾ ಶಾಕ್ ಹೊಡೆದಂತೆ ಆಗುವುದು. ಪ್ರಾಣಾಪಾಯ ಅಪರೂಪ, ಆದರೆ ತೊಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡಬಹುದು. ಆ ಅವಧಿಯಲ್ಲಿ ಮದ್ಯ ಕುಡಿದರೆ ಅಥವಾ ಮತ್ತೆ ಮೀನು ತಿಂದರೆ ಉಲ್ಬಣಿಸುತ್ತದೆ.

ಇದೂ ನಮಗೆ ಅಪರಿಚಿತವಲ್ಲ. 2015ರ ಅಕ್ಟೋಬರಿನಲ್ಲಿ ಮಂಗಳೂರಿನ ಬಳಿ ಕೆಂಪು ಸ್ನ್ಯಾಪರ್ ಮೀನಿನ ತಲೆಗಳನ್ನು ಸಾರು ಮಾಡಿ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಲಕ್ಷಣಗಳನ್ನೂ ಮೀನಿನ ಜಾತಿಯನ್ನೂ ನೋಡಿ ವಿಜ್ಞಾನಿಗಳು ಇದು ಸಿಗುವಾಟೆರಾ ಇರಬೇಕೆಂದು ವರದಿ ಮಾಡಿದರು.

ಗ್ಯಾಸೋ, ಅಲರ್ಜಿಯೋ, ವಿಷವೋ?

ಕೆಟ್ಟ ಆಹಾರದ ಬ್ಯಾಕ್ಟೀರಿಯಾಗಳಿಂದ ಬರುವ ತೊಂದರೆಯಲ್ಲಿ ವಾಂತಿ, ಭೇದಿ, ಜ್ವರ ಮುಖ್ಯ. ತುಟಿ ಜುಮ್ಮೆನ್ನುವುದಿಲ್ಲ.

ಬಂಗುಡೆ, ಕೇದರದಂಥ ಮೀನು ಐಸಿಲ್ಲದೆ ಉಳಿದಾಗ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಅದನ್ನು ತಿಂದ ಕೆಲವೇ ನಿಮಿಷಗಳಲ್ಲಿ ಮುಖ ಕೆಂಪಾಗಿ, ಮೈಮೇಲೆ ದದ್ದು ಎದ್ದು, ತಲೆ ಸಿಡಿಯುತ್ತದೆ. ಅಲರ್ಜಿಯಲ್ಲೂ ದದ್ದು, ತುರಿಕೆ, ಬಾವು ಕಾಣಿಸುತ್ತವೆ, ಉಬ್ಬಸವೂ ಬರಬಹುದು. ಅಲರ್ಜಿಯಾದರೆ ಸಾಮಾನ್ಯವಾಗಿ ಒಬ್ಬರಿಗೆ ಮಾತ್ರ ಬರುತ್ತದೆ. ಒಂದೇ ಪಾತ್ರೆಯ ಮರುವಾಯಿ ತಿಂದ ಇಬ್ಬರು ಮೂವರಿಗೆ ಒಟ್ಟಿಗೆ ತುಟಿ ಜುಮ್ಮೆಂದರೆ ಅದನ್ನು ಪಾಚಿಯ ವಿಷವೆಂದೇ ತಿಳಿದು ನಡೆಯಬೇಕು. ‘ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿದು ಮಲಗು’ ಎನ್ನುವ ಹೊತ್ತಲ್ಲ ಅದು. ರಾತ್ರಿ ಊಟದ ನಂತರ ಜುಮುಜುಮು ಎಂದ ಮಗುವನ್ನು ಹಾಗೆಯೇ ಮಲಗಿಸಿದರೆ, ನಿದ್ದೆಯಲ್ಲಿ ಉಸಿರು ಸೋಲುವುದು ಯಾರ ಗಮನಕ್ಕೂ ಬಾರದು. ಮಕ್ಕಳ ದೇಹತೂಕ ಕಡಿಮೆ. ದೊಡ್ಡವರಿಗೆ ಬರಿಯ ಜುಮುಜುಮು ತರುವ ಪ್ರಮಾಣ ಅವರಿಗೆ ಮಾರಕವಾದೀತು.

ತಕ್ಷಣ ಏನು ಮಾಡಬೇಕು?

1. ಚಿಪ್ಪುಜೀವಿ ತಿಂದ ಬಳಿಕ ತುಟಿ, ನಾಲಿಗೆ, ಬೆರಳು ಜುಮ್ಮೆಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ. ಅದು ದೂರವಿದ್ದರೆ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ವೈದ್ಯರ ಸಲಹೆಯಂತೆ ಮುಂದುವರಿಯಿರಿ.

2. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನುಂಗುವ ಸ್ನಾಯು ಸೋತಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ ಮಜ್ಜಿಗೆ, ಕಷಾಯ, ಕಾಫಿ ಯಾವುದನ್ನೂ ಕುಡಿಸಬೇಡಿ.

3. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಉಸಿರಾಟ ಗಮನಿಸುತ್ತಿರಿ. ನಿಂತರೆ, ತಿಳಿದವರು ಬಾಯಿಗೆ ಬಾಯಿಯಿಟ್ಟು ಉಸಿರು ಊದಬೇಕು. ಈ ವಿಷದಲ್ಲಿ ಆ ಪ್ರಯತ್ನ ವ್ಯರ್ಥವಾಗದು. ನಾಡಿಬಡಿತವೂ ಇಲ್ಲದಿದ್ದರೆ ಎದೆ ಒತ್ತುವುದನ್ನೂ ಆರಂಭಿಸಬೇಕು.

4. ಅದೇ ಅಡುಗೆ ತಿಂದ ಎಲ್ಲರನ್ನೂ, ಲಕ್ಷಣವಿಲ್ಲದಿದ್ದರೂ, ವೈದ್ಯರಿಗೆ ತೋರಿಸಿ. ನೆರೆಮನೆಗೆ ಒಂದು ಬಟ್ಟಲು ಕೊಟ್ಟಿದ್ದರೆ ಅವರಿಗೂ ಕೂಡಲೇ ತಿಳಿಸಿ.

5. ಉಳಿದ ಸಾರು, ಬೇಯಿಸದ ಚಿಪ್ಪು, ಇವನ್ನು ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ‘ವಿಷ’ ಎಂದು ಬರೆದು ತಂಪಾದ ಜಾಗದಲ್ಲಿಡಿ. ಪರೀಕ್ಷೆಗೆ ಅದೇ ಆಧಾರ.

6. ಎಲ್ಲಿ, ಯಾವಾಗ ಹೆಕ್ಕಿದ್ದು ಅಥವಾ ಯಾರಿಂದ ಕೊಂಡದ್ದೆಂದು ವೈದ್ಯರಿಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸುದ್ದಿ ಮುಟ್ಟಿಸಿ. ಒಂದು ಮನೆಯವರು ಹೇಳಿದ ಮಾತಿನಿಂದ ಇಡೀ ಕೇರಿ ಉಳಿದೀತು.

ಮುನ್ನೆಚ್ಚರಿಕೆ

ಹೀಗೆಂದು ಮೀನನ್ನೇ ಬಿಡಬೇಕಿಲ್ಲ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿಗಳ ಶುಚಿಗೊಳಿಸಿದ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ ಶೇಖರವಾಗುವ ಸಂಭವ ಬಹಳ ಕಡಿಮೆ. ಮೀನಿನ ಕರುಳು, ಏಡಿಯ ಒಳಗಿನ ಹಳದಿ ಭಾಗಗಳನ್ನು ತೆಗೆದುಬಿಡುವುದು ಒಳ್ಳೆಯದು. ಮರುವಾಯಿ, ಪಚ್ಚಿಲೆಗಳೂ ಬಹುಕಾಲ ಸುರಕ್ಷಿತವಾಗಿಯೇ ಇರುತ್ತವೆ, ಪೌಷ್ಟಿಕವೂ ಹೌದು. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಊಟವೂ ಜೀವನೋಪಾಯವೂ ಅವೇ.

ಆದರೆ ಅಳಿವೆಯ ಅಥವಾ ಕಡಲಿನ ನೀರು ಬಣ್ಣ ಬದಲಾಯಿಸಿದಾಗ, ಮೀನುಗಳು ರಾಶಿಯಾಗಿ ಸತ್ತು ತೇಲಿದಾಗ, ಊರಿನಲ್ಲಿ ಒಬ್ಬರಿಗಾದರೂ ಇಂಥ ಲಕ್ಷಣ ಕಂಡಾಗ ಆ ಜಾಗದ ಚಿಪ್ಪುಜೀವಿಗಳನ್ನು ಹೆಕ್ಕುವುದನ್ನೂ ಮಾರುವುದನ್ನೂ ನಿಲ್ಲಿಸಬೇಕು. ಅಧಿಕಾರಿಗಳು ಪರೀಕ್ಷೆ ಮಾಡಿಸಿ ಸುರಕ್ಷಿತವೆನ್ನುವವರೆಗೆ ಮುಟ್ಟಬಾರದು. ಹವಳದ ದಿಬ್ಬಗಳಲ್ಲಿ ಹಿಡಿದ ಭಾರಿ ಗಾತ್ರದ ಮೀನಿನ ತಲೆ, ಪಿತ್ತಕೋಶ, ಮೊಟ್ಟೆಗಳನ್ನು, ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ, ಬಿಡುವುದೇ ಲೇಸು.

ಕಣ್ಣು, ಮೂಗು, ನಾಲಿಗೆ ಈ ಮೂರೂ ಸೋಲುವ ವಿಷವಿದು. ಒಲೆಯ ಬೆಂಕಿಯೂ ಇದರ ಮುಂದೆ ಸೋಲುತ್ತದೆ. ತುಟಿಯ ಜುಮುಜುಮು ಒಂದೇ ನಮಗೆ ಸಿಗುವ ಮುನ್ಸೂಚನೆ. ಅದನ್ನು ಹಗುರವಾಗಿ ಕಾಣದೆ ಆಸ್ಪತ್ರೆಗೆ ಹೊರಟವರನ್ನು ಉಳಿಸಿಕೊಳ್ಳುವುದು ವೈದ್ಯರಿಗೆ ಕಷ್ಟವಲ್ಲ.